ಹಿತ್ತಲಿನ ಫಸಲು, ಹಬ್ಬದ ಎಲೆ: ಓಣಸದ್ಯದ ಅಡುಗೆಯನ್ನು ಕುರಿತು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

1. ವಿಷಯದ ವ್ಯಾಪ್ತಿ

ದಕ್ಷಿಣ ಭಾರತದ ಸುಗ್ಗಿ ಹಬ್ಬಗಳು ಬಹುಮಟ್ಟಿಗೆ ಒಂದೆರಡು ಖಾದ್ಯಗಳಿಂದಲೇ ಗುರುತಾಗುತ್ತವೆ. ತಮಿಳುನಾಡಿನ ಪೊಂಗಲ್ ಹಬ್ಬದಲ್ಲಿ ಹೊಸ ಅಕ್ಕಿ, ಬೇಳೆ, ಬೆಲ್ಲ ಮತ್ತು ಹಾಲು ಒಂದೇ ಮಡಕೆಯಲ್ಲಿ ಬೆಂದು ಉಕ್ಕುವುದೇ ಆಚರಣೆಯ ಕೇಂದ್ರ. ಹಳೆಯ ಮೈಸೂರಿನ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ, ಕಬ್ಬು, ಅವರೆ ಮತ್ತು ಹುಗ್ಗಿಗೆ ಆ ಸ್ಥಾನ ಸಂದಿದೆ. ಕೊಡಗಿನ ಪುತ್ತರಿಯಲ್ಲಿ ಕದಿರು ತೆಗೆದು ಮನೆಗೆ ತಂದ ಮೇಲೆ ತಂಬಿಟ್ಟು ಮತ್ತು ಹೊಸಕ್ಕಿಯ ಪಾಯಸ ಇಲ್ಲದೆ ಹಬ್ಬ ಮುಗಿಯುವುದಿಲ್ಲ. ಕೇರಳದ ಓಣಂ ಈ ಸಾಲಿನಲ್ಲಿ ಸ್ವಲ್ಪ ಬೇರೆಯಾಗಿ ನಿಲ್ಲುತ್ತದೆ, ಏಕೆಂದರೆ ಅದರ ಗುರುತು ಒಂದು ಖಾದ್ಯಕ್ಕೆ ಅಂಟಿಕೊಳ್ಳದೆ, ಒಂದೇ ಬಾಳೆ ಎಲೆಯ ಮೇಲೆ ಗೊತ್ತಾದ ಕ್ರಮದಲ್ಲಿ ಬಂದು ಸೇರುವ ಇಪ್ಪತ್ತಕ್ಕೂ ಹೆಚ್ಚು ಖಾದ್ಯಗಳ ಸಮೂಹದಲ್ಲಿ ಹರಡಿಕೊಂಡಿದೆ. ಈ ಔತಣಕ್ಕೆ ಮಲಯಾಳದಲ್ಲಿ ಓಣಸದ್ಯ ಎಂದು ಹೆಸರು.

ಓಣಸದ್ಯವನ್ನು ವರ್ಣಿಸುವ ಬರಹಗಳು ಸಾಮಾನ್ಯವಾಗಿ ಖಾದ್ಯಗಳ ಸಂಖ್ಯೆಯನ್ನೇ ಮುಂದಿಟ್ಟು, ಆ ಸಂಖ್ಯೆಯನ್ನು ನಾಡಿನ ಸಮೃದ್ಧಿಯ ಸಾಕ್ಷಿಯೆಂದು ಓದುತ್ತವೆ. ಆದರೆ ಎಲೆಯ ಮೇಲಿರುವ ಖಾದ್ಯಗಳನ್ನು ಒಂದೊಂದಾಗಿ ಬಿಡಿಸಿ, ಯಾವುದರಲ್ಲಿ ಏನು ಬಿದ್ದಿದೆ ಎಂದು ಪರಿಶೀಲಿಸಿದರೆ, ಮೂಲ ತರಕಾರಿಗಳು ಏಳೆಂಟನ್ನು ಮೀರುವುದಿಲ್ಲವೆಂಬುದೂ, ಅವೇ ತರಕಾರಿಗಳು ಬೇರೆ ಬೇರೆ ಪಾಕವಿಧಾನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆಂಬುದೂ ತಿಳಿಯುತ್ತದೆ. ಕಡಿಮೆ ಪದಾರ್ಥಗಳಿಂದ ಹೆಚ್ಚು ರುಚಿಗಳನ್ನು ಕಟ್ಟುವ ಈ ಕೌಶಲವೇ ಓಣಸದ್ಯದ ಮೂಲ ಲಕ್ಷಣ. ಮಳೆಗಾಲದ ಕೊರತೆ ಮುಗಿದು ಹೊಸ ಬೆಳೆ ಪೂರ್ತಿಯಾಗಿ ಕೈಸೇರುವ ಮುನ್ನ ಬರುವ ಹಬ್ಬಕ್ಕೆ ಒಪ್ಪುವ ಅಡುಗೆಯೂ ಅದೇ. ಈ ಮಾತನ್ನು ಋತು, ಎಲೆಯ ಕ್ರಮ, ಪಾಕವಿಧಾನ ಮತ್ತು ಇಂದಿನ ಕೃಷಿಸ್ಥಿತಿ ಎಂಬ ನಾಲ್ಕು ನೆಲೆಗಳಲ್ಲಿ ವಿವರಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ.

2. ಕರ್ಕಟಕದ ಬಳಿಕ ಚಿಂಗಂ

ಕ್ರಿ.ಶ. 825ರಿಂದ ಎಣಿಕೆಯಾಗುವ ಕೊಲ್ಲಂ ಶಕೆಯ ಮೊದಲ ತಿಂಗಳು ಚಿಂಗಂ. ಇದು ಆಗಸ್ಟ್ ನಡುಭಾಗದಿಂದ ಸೆಪ್ಟೆಂಬರ್ ನಡುಭಾಗದವರೆಗಿನ ಸಿಂಹಮಾಸ. ಈ ತಿಂಗಳ ಅತ್ತಂ, ಅಂದರೆ ಹಸ್ತಾ ನಕ್ಷತ್ರದಿಂದ ತಿರುವೋಣಂ, ಅಂದರೆ ಶ್ರವಣ ನಕ್ಷತ್ರದವರೆಗೆ ಹತ್ತು ದಿನಗಳ ಕಾಲ ಓಣಂ ನಡೆಯುತ್ತದೆ. ಸಂಗಮ ಸಾಹಿತ್ಯದ ‘ಮದುರೈಕ್ಕಾಂಜಿ’ಯಲ್ಲಿ ಮದುರೆಯ ಓಣಂ ಆಚರಣೆಯ ಉಲ್ಲೇಖವಿರುವುದರಿಂದ ಹಬ್ಬದ ಪ್ರಾಚೀನತೆಯೂ, ಅದು ಒಂದು ಕಾಲದಲ್ಲಿ ಇಂದಿನ ಕೇರಳದ ಗಡಿಯಾಚೆಗೂ ಇತ್ತೆಂಬುದೂ ಸ್ಪಷ್ಟವಾಗುತ್ತದೆ. ಮಹಾಬಲಿಯು ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ಕಾಣಲು ಬರುತ್ತಾನೆಂಬ ನಂಬಿಕೆ ಕೇರಳದಲ್ಲಿ ಚಿಂಗಂ ತಿಂಗಳಿಗೆ ಸೇರಿಕೊಂಡಿದ್ದರೆ, ಕರ್ನಾಟಕದಲ್ಲಿ ಅದೇ ಬಲಿಯ ಆಗಮನ ದೀಪಾವಳಿಯ ಬಲಿಪಾಡ್ಯಮಿಗೆ ಸೇರಿದೆ. ತುಳುನಾಡಿನ ರೈತರು ದೀಪಾವಳಿಯ ಸಂಜೆ ಗದ್ದೆಗೆ ದೀಪ ಒಯ್ದು ಬಲೀಂದ್ರನನ್ನು ಕೂಗಿ ಕರೆಯುವ ಪದ್ಧತಿಯೂ ಇದೇ ನಂಬಿಕೆಯ ಇನ್ನೊಂದು ರೂಪ.

ಚಿಂಗಂನ ಹಿಂದಿನ ತಿಂಗಳು ಕರ್ಕಟಕ. ಎಡೆಬಿಡದ ಮಳೆ, ಹೊಲಗೆಲಸದ ನಿಲುಗಡೆ, ಹಳೆಯ ದವಸ ಕರಗಿ ಹೊಸ ದವಸ ಬಾರದ ಸ್ಥಿತಿ, ಇವೆಲ್ಲ ಕೂಡಿ ಕರ್ಕಟಕವು ಪಂಜಮಾಸ, ಅಂದರೆ ಬರಗಾಲದ ತಿಂಗಳು ಎನಿಸಿಕೊಂಡಿತ್ತು. ಔಷಧೀಯ ಸೊಪ್ಪು ಬೇರುಗಳನ್ನು ಹಾಕಿ ಕುದಿಸಿದ ಕರ್ಕಟಕ ಗಂಜಿ ಆ ತಿಂಗಳ ಮುಖ್ಯ ಆಹಾರ. ಓಣಂನ ಊಟ ಈ ಗಂಜಿಯ ತಿಂಗಳನ್ನು ದಾಟಿ ಬರುವುದರಿಂದ ಅದರ ವೈಭವಕ್ಕೆ ಹಿನ್ನೆಲೆಯಾಗಿ ಹಸಿವು ಇದ್ದೇ ಇದೆ. ‘ಕಾಣಂ ವಿಟ್ಟುಂ ಓಣಂ ಉಣ್ಣಣಂ’, ಅಂದರೆ ಕಾಣಂ ಮಾರಿಯಾದರೂ ಓಣಂ ಊಟ ಮಾಡಬೇಕು ಎಂಬ ಗಾದೆಯಲ್ಲಿ ಬರುವ ಕಾಣಂ ಎಂಬುದು ಜಮೀನ್ದಾರನಿಗೆ ಹಣ ಕೊಟ್ಟು ರೈತನು ಪಡೆಯುತ್ತಿದ್ದ ಒಂದು ಬಗೆಯ ಗೇಣಿ ಹಕ್ಕು. ಒಂದು ಹೊತ್ತಿನ ಊಟಕ್ಕಾಗಿ ಜೀವನಾಧಾರವನ್ನೇ ಮಾರುವ ಮಾತು ಹುಟ್ಟಿಕೊಳ್ಳಬೇಕಾದರೆ ಆ ಊಟ ಎಲ್ಲರಿಗೂ ಸಲೀಸಾಗಿ ದೊರೆಯುತ್ತಿರಲಿಲ್ಲ ಎಂದೇ ತಿಳಿಯಬೇಕಾಗುತ್ತದೆ.

ಭತ್ತದ ಬೆಳೆಯ ಲೆಕ್ಕವೂ ಇದನ್ನೇ ಸೂಚಿಸುತ್ತದೆ. ಕೇರಳದಲ್ಲಿ ಮುಂಗಾರಿನ ವಿರಿಪ್ಪು, ಅದರ ಬಳಿಕದ ಮುಂಡಗನ್, ಬೇಸಿಗೆಯ ಪುಂಜ ಎಂದು ಭತ್ತಕ್ಕೆ ಮೂರು ಬೆಳೆಗಾಲಗಳಿವೆ. ವಿರಿಪ್ಪಿನ ಕೊಯ್ಲು ಚಿಂಗಂನಲ್ಲಿ ಆರಂಭವಾದರೂ ಭರದಿಂದ ಸಾಗುವುದು ಮುಂದಿನ ಕನ್ನಿ ಮಾಸದಲ್ಲಿ. ಗುರುವಾಯೂರಿನಂಥ ದೇವಾಲಯಗಳಲ್ಲಿ ಮೊದಲ ಕದಿರುಗಳನ್ನು ಒಳತರುವ ಇಲ್ಲಂನಿರ ಮತ್ತು ಹೊಸಕ್ಕಿಯ ನೈವೇದ್ಯ ಮಾಡುವ ತೃಪ್ಪುತ್ತರಿ ಎಂಬ ವಿಧಿಗಳು ಈ ಆರಂಭವನ್ನು ಗುರುತಿಸುತ್ತವೆ. ಹೀಗೆ ಓಣಂ ಕೊಯ್ಲಿನ ಹೊಸಿಲಲ್ಲಿ ನಿಂತ ಹಬ್ಬ. ಕಣಜ ತುಂಬಿದ ಮೇಲಿನ ಹಬ್ಬವೆಂದು ಅದನ್ನು ಕರೆಯುವುದು ಕಷ್ಟ. ಆ ಹೊತ್ತಿಗೆ ನಿಜವಾಗಿ ಕೈಗೆ ಸಿಗುತ್ತಿದ್ದುದು ಮನೆಯ ಸುತ್ತಲಿನ ಪರಂಬು, ಅಂದರೆ ತೆಂಗು, ಬಾಳೆ, ಗೆಡ್ಡೆ, ಬಳ್ಳಿ ತರಕಾರಿಗಳನ್ನು ಒಟ್ಟಿಗೆ ಬೆಳೆಯುವ ಹಿತ್ತಲ ಜಮೀನಿನ ಉತ್ಪನ್ನ. ಓಣಸದ್ಯದ ಪಲ್ಯ, ಹುಳಿ, ಗೊಜ್ಜುಗಳೆಲ್ಲ ಈ ಪರಂಬಿನ ಪಟ್ಟಿಯಿಂದಲೇ ಹುಟ್ಟಿವೆ.

3. ಎಲೆಯ ಕ್ರಮ

ಸದ್ಯಕ್ಕೆ ಬಳಸುವುದು ತೂಶನಿಲ, ಅಂದರೆ ಬಾಳೆ ಎಲೆಯ ತುದಿಯ ಭಾಗ. ಅದರ ಕಿರಿದಾದ ತುದಿ ಉಣ್ಣುವವರ ಎಡಗಡೆಗೆ ಬರುವಂತೆ ಹಾಸಲಾಗುತ್ತದೆ. ಎಡತುದಿಯಿಂದ ಬಡಿಸುವಿಕೆ ಮೊದಲಾಗಿ, ಉಪ್ಪೇರಿ ಮತ್ತು ಶರ್ಕರವರಟ್ಟಿ ಮೊದಲು ಬರುತ್ತವೆ. ಉಪ್ಪೇರಿ ಎಂದರೆ ಬಲಿತ ನೇಂದ್ರ ಬಾಳೆಕಾಯಿಯನ್ನು ತೆಳುವಾಗಿ ಹೆಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಕರಿದ ಬಿಲ್ಲೆಗಳು. ಶರ್ಕರವರಟ್ಟಿ ಎಂದರೆ ಅದೇ ಕಾಯಿಯನ್ನು ದಪ್ಪವಾಗಿ ಹೆಚ್ಚಿ, ಕರಿದು, ಬೆಲ್ಲದ ಪಾಕದಲ್ಲಿ ಹೊರಳಿಸಿ, ಒಣಶುಂಠಿ ಮತ್ತು ಜೀರಿಗೆಯ ಪುಡಿ ಉದುರಿಸಿದ ತುಂಡುಗಳು. ಇವುಗಳ ಬಳಿ ಹಪ್ಪಳ ಮತ್ತು ಬಾಳೆಹಣ್ಣು, ಬಳಿಕ ಮಾವು ಮತ್ತು ನಿಂಬೆ ಜಾತಿಯ ಉಪ್ಪಿನಕಾಯಿಗಳು, ಪುಳಿಯಿಂಜಿ, ಆಮೇಲೆ ಪಚ್ಚಡಿ, ಕಿಚ್ಚಡಿ, ತೋರನ್, ಓಲನ್, ಕಾಳನ್, ಎರಿಶ್ಶೇರಿ, ಅವಿಯಲ್, ಕೂಟ್ಟುಕರಿಗಳು ಎಲೆಯ ಮೇಲ್ಭಾಗದ ಉದ್ದಕ್ಕೂ ಸಾಲಾಗಿ ಬೀಳುತ್ತವೆ. ಅನ್ನ ಬರುವುದು ಇವೆಲ್ಲ ಮುಗಿದ ಮೇಲೆ. ಎಲೆಯ ಕೆಳಭಾಗದ ನಡುವೆ ಕುಚ್ಚಲಕ್ಕಿಯ ಅನ್ನ ಬಿದ್ದ ಬಳಿಕ ಹೆಸರುಬೇಳೆಯ ಪರಿಪ್ಪು ಮತ್ತು ತುಪ್ಪ, ಅನಂತರ ಸಾಂಬಾರು, ಆಮೇಲೆ ಪಾಯಸಗಳು, ಕೊನೆಗೆ ರಸಂ ಹಾಗೂ ಮಜ್ಜಿಗೆ ಬರುವುದು ಹೆಚ್ಚಿನ ಕಡೆಯ ರೂಢಿ. ಪಾಯಸ ಊಟದ ನಡುವೆ ಬಂದು ಹುಳಿಮಜ್ಜಿಗೆ ಕೊನೆಗೆ ಬರುವುದರಲ್ಲಿ ಸಿಹಿಯ ಭಾರವನ್ನು ಇಳಿಸಿ ಜೀರ್ಣಕ್ಕೆ ನೆರವಾಗುವ ಎಣಿಕೆ ಇದೆ.

ಈ ಸಾಲಿನಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಬಡಿಸಿ ಅತಿ ಹೆಚ್ಚು ಗೌರವ ಪಡೆಯುವ ಖಾದ್ಯ ಪುಳಿಯಿಂಜಿ ಅಥವಾ ಇಂಜಿಕರಿ. ಸಣ್ಣಗೆ ಹೆಚ್ಚಿ ಹುರಿದ ಶುಂಠಿಯನ್ನು ಹುಣಸೆರಸ, ಬೆಲ್ಲ, ಹಸಿಮೆಣಸಿನಕಾಯಿಯೊಂದಿಗೆ ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದ ಈ ಗೊಜ್ಜಿನಲ್ಲಿ ಖಾರ, ಹುಳಿ, ಸಿಹಿ, ಉಪ್ಪು ಒಂದೇ ತೊಟ್ಟಿನಲ್ಲಿ ನಾಲಿಗೆಗೆ ಸಿಗುತ್ತವೆ. ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲಾ’ ದಾಖಲಿಸಿರುವ ವರರುಚಿಯ ಕಥೆಯಲ್ಲಿ, ಊಟಕ್ಕೆ ನೂರೆಂಟು ವ್ಯಂಜನಗಳು ಬೇಕೆಂಬ ಅತಿಥಿಯ ಷರತ್ತನ್ನು ಮನೆಯ ಮಗಳು ಶುಂಠಿಯ ಒಂದೇ ವ್ಯಂಜನದಿಂದ ಪೂರೈಸುತ್ತಾಳೆ. ಸಂಖ್ಯೆಯ ಬೇಡಿಕೆಯನ್ನು ರುಚಿಯ ಸಾಂದ್ರತೆಯಿಂದ ತೀರಿಸುವ ಈ ಕಥೆ ಸದ್ಯದ ಒಟ್ಟು ತತ್ತ್ವಕ್ಕೆ ಚೆನ್ನಾಗಿ ಹೊಂದುತ್ತದೆ.

4. ತರಕಾರಿ ಕೆಲವು, ತೆಂಗಿನ ರೂಪ ಹಲವು

ಸದ್ಯದ ತರಕಾರಿಗಳಲ್ಲಿ ಸುವರ್ಣಗಡ್ಡೆ, ಬಾಳೆಕಾಯಿ, ಬೂದುಗುಂಬಳ, ಸಿಹಿಗುಂಬಳ, ಸೌತೆ, ಅಲಸಂದೆಯ ಕಾಯಿ ಮತ್ತು ಕಾಳು, ಪಡವಲ, ನುಗ್ಗೆ ಇವು ಮುಖ್ಯವಾದವು. ಸುವರ್ಣಗಡ್ಡೆ ಮತ್ತು ಬಾಳೆಕಾಯಿ ಒಂದೇ ಊಟದಲ್ಲಿ ಕಾಳನ್, ಅವಿಯಲ್, ಕೂಟ್ಟುಕರಿಗಳಲ್ಲಿಯೂ, ಅನೇಕ ಮನೆಗಳಲ್ಲಿ ಎರಿಶ್ಶೇರಿಯಲ್ಲಿಯೂ ಬರುತ್ತವೆ. ಬೂದುಗುಂಬಳ ಓಲನ್‌ನಲ್ಲೂ ಅವಿಯಲ್‌ನಲ್ಲೂ ಇರುತ್ತದೆ. ಹೀಗಿದ್ದೂ ಒಂದು ಖಾದ್ಯದ ರುಚಿ ಇನ್ನೊಂದನ್ನು ಹೋಲುವುದಿಲ್ಲ. ಭೇದವನ್ನು ಉಂಟುಮಾಡುವುದು ತೆಂಗನ್ನು ಯಾವ ರೂಪದಲ್ಲಿ, ಯಾವ ಹಂತದಲ್ಲಿ, ಯಾವುದರೊಡನೆ ಸೇರಿಸುತ್ತಾರೆ ಎಂಬ ಅಂಶ.

ಮೊದಲನೆಯ ರೂಪ ತರಿತರಿಯಾಗಿ ಅರೆದ ಕಾಯಿ. ತೆಂಗಿನ ತುರಿಗೆ ಜೀರಿಗೆ ಮತ್ತು ಹಸಿಮೆಣಸಿನಕಾಯಿ ಸೇರಿಸಿ ಒಂದೆರಡು ಸುತ್ತು ಮಾತ್ರ ಅರೆದು, ಬೆರಳುದ್ದ ಹೆಚ್ಚಿ ಬೇಯಿಸಿದ ತರಕಾರಿಗಳಿಗೆ ಬೆರೆಸಿ, ಹುಳಿಗೆ ಮೊಸರನ್ನೋ ಮಾವಿನಕಾಯಿಯನ್ನೋ ಕೂಡಿಸಿ, ಒಲೆಯಿಂದ ಇಳಿಸುವಾಗ ಹಸಿ ಕೊಬ್ಬರಿ ಎಣ್ಣೆ ಮತ್ತು ಕರಿಬೇವು ಹಾಕಿದರೆ ಅವಿಯಲ್ ಆಗುತ್ತದೆ, ಇದಕ್ಕೆ ಒಗ್ಗರಣೆಯಿಲ್ಲ. ಅಜ್ಞಾತವಾಸದ ಭೀಮನು ವಿರಾಟನ ಅಡುಗೆಮನೆಯಲ್ಲಿ ಉಳಿದ ತರಕಾರಿಗಳನ್ನೆಲ್ಲ ಕೂಡಿಸಿ ಇದನ್ನು ಮಾಡಿದನೆಂಬ ಐತಿಹ್ಯ ಪ್ರಚಲಿತವಾಗಿದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ‘ಅವಿಲು’ ಎಂದು ಕರೆಯುವ ಖಾದ್ಯ ಇದರದೇ ಬಳಗದ್ದು. ಇದೇ ತರಿ ಅರಪ್ಪು ಹುಳಿಯಿಲ್ಲದೆ, ನೀರಿಲ್ಲದೆ ಸಣ್ಣಗೆ ಹೆಚ್ಚಿದ ಒಂದೇ ತರಕಾರಿಗೆ ಬಿದ್ದರೆ ತೋರನ್ ಎಂಬ ಒಣಪಲ್ಯ ಸಿದ್ಧವಾಗುತ್ತದೆ.

ಎರಡನೆಯ ರೂಪದಲ್ಲಿ ಕಾಯಿಯನ್ನು ಹಸಿ ಸಾಸಿವೆಯೊಡನೆ ನುಣ್ಣಗೆ ಅರೆದು ಮೊಸರಿಗೆ ಕಲಸುತ್ತಾರೆ. ಹಣ್ಣಿನ ಸಿಹಿಯುಳ್ಳದ್ದು ಪಚ್ಚಡಿ, ಸೌತೆ ಅಥವಾ ಹಾಗಲದಂಥ ತರಕಾರಿಯದು ಕಿಚ್ಚಡಿ ಎಂಬ ವಿಭಾಗ ಸಾಮಾನ್ಯವಾಗಿದ್ದರೂ ಜಿಲ್ಲೆಯಿಂದ ಜಿಲ್ಲೆಗೆ ಈ ಹೆಸರುಗಳು ಅದಲುಬದಲಾಗುತ್ತವೆ. ಕನ್ನಡ ಕರಾವಳಿಯ ಸಾಸಿವೆ ಎಂಬ ಹಸಿ ಗೊಜ್ಜು ಇದೇ ವಿಧಾನವನ್ನು ಅನುಸರಿಸುತ್ತದೆ. ಮೂರನೆಯ ರೂಪದಲ್ಲಿ ಜೀರಿಗೆಯೊಡನೆ ಅರೆದ ಕಾಯಿ ಹುಳಿಮೊಸರಿನಲ್ಲಿ ಕುದಿಯುತ್ತದೆ. ಸುವರ್ಣಗಡ್ಡೆ, ಬಾಳೆಕಾಯಿಗಳನ್ನು ಕಾಳುಮೆಣಸಿನ ಪುಡಿಯಲ್ಲಿ ಬೇಯಿಸಿ, ಮೊಸರು ಹಾಕಿ ನೀರಿನಂಶ ಆರುವವರೆಗೆ ಕೈಯಾಡಿಸುತ್ತ ಬತ್ತಿಸಿ, ಕಾಯಿಯ ಅರಪ್ಪು ಸೇರಿಸಿ, ಸಾಸಿವೆ ಮೆಂತ್ಯದ ಒಗ್ಗರಣೆ ಕೊಟ್ಟರೆ ಕುರುಕ್ಕುಕಾಳನ್ ಎಂಬ ಗಟ್ಟಿ ವ್ಯಂಜನ ಆಗುತ್ತದೆ. ನೀರು ಬತ್ತಿ ಹುಳಿ ಏರಿದ ಕಾರಣ ಅದು ಕೆಲವು ದಿನ ಕೆಡದೆ ಉಳಿಯುತ್ತದೆ. ಹತ್ತು ದಿನಗಳ ಹಬ್ಬದ ಅಡುಗೆಮನೆಗೆ ಇದು ದೊಡ್ಡ ಅನುಕೂಲ. ಮಜ್ಜಿಗೆಹುಳಿಯಂತೆ ತೆಳ್ಳಗಿರುವ ಪುಳಿಶ್ಶೇರಿ ಇದೇ ವಿಧಾನದ ಸೌಮ್ಯ ರೂಪ.

ನಾಲ್ಕನೆಯದು ಹುರಿದ ಕಾಯಿ. ಬೇಯಿಸಿದ ಸಿಹಿಗುಂಬಳ ಮತ್ತು ಅಲಸಂದೆ ಕಾಳಿನ ಎರಿಶ್ಶೇರಿಗೆ ಮೊದಲು ಅರೆದ ಕಾಯಿ ಸೇರಿ, ಕೊನೆಯಲ್ಲಿ ಎಣ್ಣೆಯಲ್ಲಿ ಕಂದುಬಣ್ಣಕ್ಕೆ ಹುರಿದ ತುರಿ ಮೇಲೆ ಬೀಳುತ್ತದೆ. ಕಪ್ಪು ಕಡಲೆ, ಸುವರ್ಣಗಡ್ಡೆ, ಬಾಳೆಕಾಯಿಗಳ ಕೂಟ್ಟುಕರಿಗೂ ಹುರಿದ ಕಾಯಿಯ ಪರಿಮಳವೇ ಜೀವಾಳ. ಐದನೆಯದು ತೆಂಗಿನ ಹಾಲು. ಬೂದುಗುಂಬಳ ಮತ್ತು ಅಲಸಂದೆ ಕಾಳುಗಳನ್ನು ಸೀಳಿದ ಹಸಿಮೆಣಸಿನಕಾಯಿಯೊಡನೆ ಬೇಯಿಸಿ ತೆಂಗಿನ ಹಾಲು ಸೇರಿಸಿದ ಓಲನ್‌ನಲ್ಲಿ ಅರಿಶಿನವಿಲ್ಲ, ಹುಳಿಯಿಲ್ಲ, ಮಸಾಲೆಯಿಲ್ಲ. ಅಕ್ಕಪಕ್ಕದ ಖಾರ ಹುಳಿಗಳ ನಡುವೆ ನಾಲಿಗೆಗೆ ಬಿಡುವು ಕೊಡುವ ಕೆಲಸವನ್ನು ಈ ಬಿಳಿಯ, ಸಪ್ಪೆಗೆ ಹತ್ತಿರವಾದ ಖಾದ್ಯ ನಿರ್ವಹಿಸುವುದರಿಂದ ಅದನ್ನು ಬಿಟ್ಟ ಎಲೆ ಸಮತೋಲ ಕಳೆದುಕೊಳ್ಳುತ್ತದೆ. ಆರನೆಯದಾದ ಕೊಬ್ಬರಿ ಎಣ್ಣೆ ಒಣಗಿಸಿದ ಕಾಯಿಯಿಂದ ಬರುತ್ತದೆ. ಮೆಳುಕ್ಕುಪುರಟ್ಟಿ ಎಂಬ ಪಲ್ಯದಲ್ಲಿ ತುರಿ ಇಲ್ಲದೆ ಎಣ್ಣೆಯೇ ತರಕಾರಿಯ ಮೈಗೆ ಹತ್ತಬೇಕು.

ಒಂದೇ ಮರದ ಕಾಯನ್ನು ಆರು ಬಗೆಯಲ್ಲಿ ಸಂಸ್ಕರಿಸಿ, ಅದನ್ನು ಮೊಸರು, ಹುಣಸೆ, ಬೆಲ್ಲ, ಕಾಳುಮೆಣಸು, ಸಾಸಿವೆ, ಜೀರಿಗೆಗಳೊಡನೆ ಜೋಡಿಸಿದಾಗ ಏಳೆಂಟು ತರಕಾರಿಗಳು ಹದಿನೈದಕ್ಕೂ ಹೆಚ್ಚು ಖಾದ್ಯಗಳಾಗಿ ವಿಸ್ತರಿಸುವುದು ಹೇಗೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಾಂಪ್ರದಾಯಿಕ ಪಾಠದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ ಲವಂಗಗಳು ಈ ವ್ಯಂಜನಗಳಿಗೆ ಸೇರುವುದಿಲ್ಲ. ಸಂಬಾರ ಪದಾರ್ಥಗಳ ವ್ಯಾಪಾರಕ್ಕೆ ಲೋಕಪ್ರಸಿದ್ಧವಾದ ನಾಡಿನ ಅತಿ ದೊಡ್ಡ ಔತಣದಲ್ಲಿ ಕಾಳುಮೆಣಸು, ಶುಂಠಿ, ಏಲಕ್ಕಿಗಳನ್ನು ಬಿಟ್ಟರೆ ಬೇರೆ ಸಂಬಾರಗಳಿಗೆ ಎಡೆ ಕಡಿಮೆ ಎಂಬುದು ಗಮನಿಸತಕ್ಕ ಸಂಗತಿ.

5. ಬಾಳೆ ಮತ್ತು ಪ್ರಥಮನ್

ಸದ್ಯದ ಎರಡನೆಯ ಆಧಾರಸಸ್ಯ ನೇಂದ್ರ ಬಾಳೆ. ಅದರ ಎಲೆ ತಟ್ಟೆಯಾಗುತ್ತದೆ, ಕಾಯಿ ಉಪ್ಪೇರಿ ಮತ್ತು ವ್ಯಂಜನಗಳಿಗೆ ಹೋಗುತ್ತದೆ, ಹಣ್ಣು ಉಗಿಯಲ್ಲಿ ಬೆಂದು ಬೆಳಗಿನ ಫಲಾಹಾರವಾಗುತ್ತದೆ ಅಥವಾ ಬೆಲ್ಲ, ತೆಂಗಿನ ಹಾಲಿನೊಡನೆ ಪಾಯಸವಾಗುತ್ತದೆ. ಗೇಣಿದಾರರು ಓಣಂ ಮುನ್ನ ಜಮೀನ್ದಾರನಿಗೆ ಒಪ್ಪಿಸುತ್ತಿದ್ದ ಕಾಣಿಕೆಯಲ್ಲಿ ಕಾಳ್ಚಕ್ಕುಲ, ಅಂದರೆ ಕಾಣಿಕೆಯ ನೇಂದ್ರಗೊನೆ ಪ್ರಧಾನವಾಗಿತ್ತು. ಪ್ರತಿಯಾಗಿ ಅವರಿಗೆ ಓಣಪ್ಪುಡವ ಎಂಬ ಬಟ್ಟೆ ಸಿಗುತ್ತಿತ್ತು. ತಿರುವೋಣಂನ ಹಿಂದಿನ ದಿನವಾದ ಉತ್ರಾಡದಂದು ಗುರುವಾಯೂರಿನಲ್ಲಿ ಇಂದಿಗೂ ಭಕ್ತರು ಗೊನೆಗಳನ್ನು ಅರ್ಪಿಸುತ್ತಾರೆ. ತ್ರಿಶೂರು ಜಿಲ್ಲೆಯಲ್ಲಿ ಈ ಕಾಣಿಕೆಗೆಂದೇ ಬೆಳೆಯುವ ಚೆಙ್ಙಾಲಿಕೋಡನ್ ಎಂಬ ನೇಂದ್ರ ತಳಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ.

ಬೆಲ್ಲ ಮತ್ತು ತೆಂಗಿನ ಹಾಲಿನ ಪಾಯಸಕ್ಕೆ ಪ್ರಥಮನ್ ಎಂದು ಹೆಸರು. ಅಡಪ್ರಥಮನ್‌ಗೆ ಬೇಕಾದ ಅಡ ಎಂದರೆ ಅಕ್ಕಿಹಿಟ್ಟಿನ ಸಂಪಣವನ್ನು ಬಾಳೆ ಎಲೆಗೆ ತೆಳ್ಳಗೆ ಸವರಿ, ಸುತ್ತಿ, ಬೇಯಿಸಿ, ಸಣ್ಣ ಚೂರುಗಳಾಗಿ ಕತ್ತರಿಸಿದ ಪದಾರ್ಥ. ತುರಿದ ಕಾಯಿಯನ್ನು ಮೂರು ಸಲ ಹಿಂಡಿ ಒಂದನೆಯ, ಎರಡನೆಯ, ಮೂರನೆಯ ಹಾಲುಗಳನ್ನು ಬೇರೆಯಾಗಿ ತೆಗೆದಿಟ್ಟುಕೊಂಡು, ಓಡಿನ ಉರುಳಿಯಲ್ಲಿ ಬೆಲ್ಲದೊಡನೆ ಅಡವನ್ನು ಕಾಯಿಸಿ, ತೆಳುವಾದ ಮೂರನೆಯ ಹಾಲನ್ನು ಮೊದಲು ಹಾಕಿ ಕುದಿಸಿ, ಎರಡನೆಯದನ್ನು ಸೇರಿಸಿ ಬತ್ತಿಸಿ, ಗಟ್ಟಿಯಾದ ಒಂದನೆಯ ಹಾಲನ್ನು ಕೊನೆಗೆ ಬೆರೆಸಿ ಕುದಿ ಬರುವ ಮುನ್ನವೇ ಇಳಿಸಬೇಕು. ಕುದಿದರೆ ಹಾಲು ಒಡೆದು ಎಣ್ಣೆ ಬಿಡುತ್ತದೆ. ತುಪ್ಪದಲ್ಲಿ ಹುರಿದ ಕೊಬ್ಬರಿ ಚೂರು, ಏಲಕ್ಕಿ, ಒಣಶುಂಠಿಯ ಪುಡಿಗಳು ಅದನ್ನು ಪೂರ್ಣಗೊಳಿಸುತ್ತವೆ. ಪಾಲಡ ಎಂಬ ಇನ್ನೊಂದು ಪಾಯಸದಲ್ಲಿ ಅದೇ ಅಡಕ್ಕೆ ಹಸುವಿನ ಹಾಲು ಮತ್ತು ಸಕ್ಕರೆ ಸೇರುತ್ತವೆ. ತಿರುವನಂತಪುರದ ಕಡೆ ಪಾಯಸವನ್ನು ಬೋಳಿಯ ಮೇಲೆ ಸುರಿದು ತಿನ್ನುವ ರೂಢಿಯಿದ್ದು, ಈ ಬೋಳಿ ಕನ್ನಡನಾಡಿನ ಕಡಲೆಬೇಳೆ ಹೋಳಿಗೆಯ ಹತ್ತಿರದ ಸಂಬಂಧಿ.

6. ಹಡಗಿನಲ್ಲಿ ಬಂದವು, ಒಳಗಿನ ಭೇದಗಳು

ಹಳೆಯದೆಂದು ತೋರುವ ಎಲೆಯ ಮೇಲೆ ಹೊಸಬರೂ ಇದ್ದಾರೆ. 1498ರಲ್ಲಿ ವಾಸ್ಕೊ ಡ ಗಾಮ ಕೋಳಿಕ್ಕೋಡಿಗೆ ಬಂದ ಬಳಿಕದ ಶತಮಾನಗಳಲ್ಲಿ ಅಮೆರಿಕ ಖಂಡಗಳ ಮೂಲದ ಮೆಣಸಿನಕಾಯಿ, ಅನಾನಸು, ಗೇರು ಈ ನಾಡಿಗೆ ಬಂದವು. ಸಿಹಿಗುಂಬಳದ ಮೂಲವೂ ಅಲ್ಲಿಯದೇ. ಸುವರ್ಣಗಡ್ಡೆ ಮತ್ತು ಬಾಳೆಕಾಯಿಯ ಎರಿಶ್ಶೇರಿಗೂ ಕಾಳನ್‌ಗೂ ಇಂದಿಗೂ ಕಾಳುಮೆಣಸೇ ಖಾರ ಕೊಡುತ್ತಿರುವುದನ್ನು ನೋಡಿದರೆ, ಇವು ಮೆಣಸಿನಕಾಯಿಗೆ ಹಿಂದಿನ ಅಡುಗೆಯ ಸ್ವರೂಪವನ್ನು ಉಳಿಸಿಕೊಂಡಿರುವಂತೆ ಕಾಣುತ್ತದೆ. ಎಲೆಕೋಸಿನ ತೋರನ್, ಬೀಟ್‌ರೂಟಿನ ಕಿಚ್ಚಡಿ, ಅವಿಯಲ್‌ನ ಕ್ಯಾರೆಟ್ ಇನ್ನೂ ಈಚಿನವು. ಹೊಸ ತರಕಾರಿ ಬಂದಾಗಲೆಲ್ಲ ಅದು ಹಳೆಯ ಆರು ವಿಧಾನಗಳಲ್ಲಿ ಒಂದಕ್ಕೆ ಒಗ್ಗಿಕೊಂಡಿತೇ ಹೊರತು ತನ್ನದೊಂದು ಹೊಸ ವಿಧಾನವನ್ನು ಎಲೆಗೆ ತರಲಿಲ್ಲ.

ಪ್ರದೇಶಭೇದವೂ ಗಣ್ಯವಾದದ್ದು. ಕಣ್ಣೂರು, ಕೋಳಿಕ್ಕೋಡುಗಳ ಅನೇಕ ಮನೆಗಳಲ್ಲಿ ಓಣಂ ಎಲೆಯ ಮೇಲೆ ಮೀನು, ಕೋಳಿಗಳೂ ಇರುತ್ತವೆ. ಸದ್ಯವೆಂದರೆ ಶುದ್ಧ ಸಸ್ಯಾಹಾರ ಎಂಬ ಕಲ್ಪನೆ ಇಡೀ ಕೇರಳಕ್ಕೆ ಅನ್ವಯಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಆರನ್ಮುಳ ಪಾರ್ಥಸಾರಥಿ ದೇವಾಲಯದ ವಳ್ಳಸದ್ಯವಿದೆ. ಪಂಪಾ ನದಿಯಲ್ಲಿ ಪಳ್ಳಿಯೋಡಂ ಎಂಬ ಹಾವುದೋಣಿಗಳಲ್ಲಿ ಬರುವ ಹುಟ್ಟುಗಾರರಿಗೆ ಹರಕೆಯಾಗಿ ನೀಡುವ ಈ ಔತಣದಲ್ಲಿ ಅರವತ್ತಕ್ಕೂ ಹೆಚ್ಚು ಖಾದ್ಯಗಳಿರುತ್ತವೆ, ಬೇಕಾದುದನ್ನು ಹುಟ್ಟುಗಾರರು ಹಾಡಿ ಕೇಳುತ್ತಾರೆ. ತಿರುವೋಣಂನ ಸದ್ಯಕ್ಕೆ ಬೇಕಾದ ಸಾಮಗ್ರಿ ಕಾಟ್ಟೂರಿನಿಂದ ತಿರುವೋಣತ್ತೋಣಿ ಎಂಬ ದೋಣಿಯಲ್ಲಿ ಅಲ್ಲಿಗೆ ಬರುತ್ತದೆ.

ಎಲ್ಲರೂ ಸಮಾನರಾಗಿದ್ದ ಬಲಿಯ ಆಳ್ವಿಕೆಯನ್ನು ನೆನೆಯುವ ಈ ಊಟ ಬಹುಕಾಲ ಜಾತಿಯ ಪಂಕ್ತಿಗಳಲ್ಲಿ ಹಂಚಿಹೋಗಿತ್ತೆಂಬುದನ್ನು ಮರೆಯಲಾಗದು. 1917ರಲ್ಲಿ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ನಡೆಸಿದ ಮಿಶ್ರಭೋಜನ ತೀವ್ರ ವಿರೋಧವನ್ನು ಎದುರಿಸಿತು. 1970ರ ಜನವರಿ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿದಾಗ ಜಮೀನ್ದಾರನ ಮನೆಗೆ ಗೊನೆ ಹೊರುವ ಕಟ್ಟುಪಾಡೂ ನಿಂತಿತು. ಇಂದು ಕಛೇರಿ, ಶಾಲೆ, ಊರಿನ ಸಂಘಗಳಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಓಣಸದ್ಯ ಈ ಹೋರಾಟಗಳ ಬಳಿಕ ರೂಪುಗೊಂಡದ್ದು.

7. ಗದ್ದೆ ಕುಗ್ಗಿದ ಮೇಲೆ

1974–75ರಲ್ಲಿ ಕೇರಳದ ಭತ್ತದ ಕ್ಷೇತ್ರ ಸುಮಾರು 8.8 ಲಕ್ಷ ಹೆಕ್ಟೇರ್ ಇತ್ತು. ಈಚಿನ ವರ್ಷಗಳಲ್ಲಿ ಅದು 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ರಬ್ಬರ್, ತೆಂಗುಗಳ ವಿಸ್ತರಣೆ, ಕೂಲಿಯ ಏರಿಕೆ, ಗದ್ದೆ ಮುಚ್ಚಿ ಮನೆ ಕಟ್ಟುವ ಒತ್ತಡ ಇದಕ್ಕೆ ಕಾರಣಗಳು. 2008ರ ಭತ್ತದ ಗದ್ದೆ ಮತ್ತು ಜೌಗುಪ್ರದೇಶ ಸಂರಕ್ಷಣಾ ಕಾಯಿದೆ ಈ ಇಳಿತವನ್ನು ತಡೆಯಲೆಂದೇ ಬಂದದ್ದು. ಪರಂಬಿನ ಜಮೀನುಗಳು ಪಾಲಾಗಿ ಕಿರಿದಾದವು, ತರಕಾರಿಗೆ ಅಂಗಡಿಯೇ ಗತಿಯಾಯಿತು. 1974ರಲ್ಲಿ ಸ್ಥಾಪಿತವಾದ ರಾಜ್ಯ ನಾಗರಿಕ ಸರಬರಾಜು ನಿಗಮದ ಓಣಂ ಸಂತೆಗಳಿಗೆ ಸಿಗುವ ಮಹತ್ತ್ವವೇ ಈ ಬದಲಾವಣೆಯ ಸೂಚಕ.

ಆ ಅಂಗಡಿಗೆ ಸರಕು ಬರುವ ದಾರಿಗಳಲ್ಲಿ ಪ್ರಮುಖವಾದುದು ಕರ್ನಾಟಕದ ಕಡೆಗೆ ತಿರುಗುತ್ತದೆ. ಗುಂಡ್ಲುಪೇಟೆ ಸೀಮೆಯ ಚೆಂಡುಹೂವು ಓಣಂನ ಪೂಕ್ಕಳಂಗೆ, ಅಂದರೆ ಹೂವಿನ ರಂಗೋಲಿಗೆ ಹೋಗುತ್ತದೆ. ಅಲ್ಲಿಯ ತರಕಾರಿ ವಯನಾಡಿನ ಘಟ್ಟವನ್ನಿಳಿದು ಕೋಳಿಕ್ಕೋಡಿನ ಮಾರುಕಟ್ಟೆ ಸೇರುತ್ತದೆ. ಬಂಡೀಪುರದ ಕಾಡಿನಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ ಸಂಚಾರ ನಿಷೇಧದ ವಿವಾದ ಕೇರಳದಲ್ಲಿ ತರಕಾರಿಯ ಬೆಲೆಯ ಪ್ರಶ್ನೆಯಾಗಿಯೂ ಚರ್ಚಿತವಾಗುವುದಕ್ಕೆ ಕಾರಣ ಇದೇ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳಲ್ಲಿ ಕೇರಳದ ಬೆಳೆಗಾರರು ಜಮೀನು ಗುತ್ತಿಗೆ ಪಡೆದು ಶುಂಠಿ ಮತ್ತು ನೇಂದ್ರ ಬಾಳೆ ಬೆಳೆಯುವುದು ಕೆಲವು ದಶಕಗಳಿಂದ ನಡೆದುಬಂದಿದೆ. ನೂರೆಂಟು ವ್ಯಂಜನಗಳಿಗೆ ಸಮನಾದ ಶುಂಠಿಯೂ, ಎಲೆಯ ಎಡತುದಿಯ ಉಪ್ಪೇರಿಯೂ ಇಂದು ಎಷ್ಟೋ ಸಲ ಕನ್ನಡದ ಮಣ್ಣಿನ ಬೆಳೆ.

ಇದನ್ನು ಸಂಪ್ರದಾಯದ ಅಳಿವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಮೇಲೆ ವಿವರಿಸಿದಂತೆ ಓಣಸದ್ಯದ ಸ್ಥಿರಾಂಶ ಪಾಕವಿಧಾನ ಮತ್ತು ಬಡಿಸುವ ಕ್ರಮದಲ್ಲಿದೆ. ಪದಾರ್ಥಗಳು ಹಿಂದೆಯೂ ಸಮುದ್ರ ದಾಟಿ ಬಂದಿವೆ, ಈಗ ಘಟ್ಟ ಇಳಿದು ಬರುತ್ತಿವೆ. ಆದರೆ ಹಳೆಯ ವ್ಯವಸ್ಥೆಯಲ್ಲಿ ಹಬ್ಬಕ್ಕೂ ಬೆಳೆಗೂ ನಡುವೆ ಒಂದೇ ಮನೆಯ ಅಂಗಳವಿತ್ತು, ಮಳೆ ಕೆಟ್ಟರೆ ಊಟವೂ ಕುಗ್ಗುತ್ತಿತ್ತು. ಈಗ ಬೆಳೆಯ ನಷ್ಟ ಒಂದು ರಾಜ್ಯದ ರೈತನಿಗೂ ಬೆಲೆಯ ಏರಿಕೆ ಇನ್ನೊಂದು ರಾಜ್ಯದ ಗೃಹಸ್ಥನಿಗೂ ತಟ್ಟುತ್ತದೆ, ಪರಸ್ಪರರ ಕಷ್ಟ ಪರಸ್ಪರರಿಗೆ ಕಾಣುವುದಿಲ್ಲ. ಆದಕಾರಣ ಓಣಸದ್ಯದ ಮುಂದಿನ ಅಧ್ಯಯನವು ಅಡುಗೆಮನೆಯ ವಿಧಾನಗಳ ದಾಖಲಾತಿಯ ಜೊತೆಗೆ, ಚಿಂಗಂ ತಿಂಗಳಿಗೆ ಸರಿಯಾಗಿ ಕಟಾವಾಗುವಂತೆ ಗುಂಡ್ಲುಪೇಟೆಯ ಹೊಲಗಳಲ್ಲಿ ಬಿತ್ತನೆಯ ದಿನ ಹೇಗೆ ನಿಗದಿಯಾಗುತ್ತದೆ, ಗುತ್ತಿಗೆ ಶುಂಠಿ ಮುಗಿದ ಮೇಲೆ ಆ ಮಣ್ಣಿನ ಸ್ಥಿತಿ ಏನಾಗುತ್ತದೆ, ಅಲ್ಲಿಯ ಕೂಲಿಕಾರರ ಗಳಿಕೆ ಎಷ್ಟು ಎಂಬ ಪ್ರಶ್ನೆಗಳನ್ನೂ ಒಳಗೊಳ್ಳಬೇಕು. ಕೇರಳದ ಈ ಔತಣದ ಚರಿತ್ರೆಯ ಒಂದು ಅಧ್ಯಾಯವನ್ನು ಕನ್ನಡದ ಕೃಷಿ ಅಧ್ಯಯನಕಾರರೇ ಬರೆಯಬೇಕಾಗಿದೆ.